ಧೈರ್ಯ ಇದ್ದವರಿಗೆ ಏನೂ ಆಗಲಿಲ್ಲವಂತೆ

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಮೂರು ದಿನದಿಂದ ನನಗೆ ಶೀತ, ಕೆಮ್ಮು. ಹೋಗುವುದು ಬೇಡ ಅಂತಲೇ ಇದ್ದೆ, ಆದರೆ ಒಂದು ಕಾಗದಕ್ಕೆ ಸಹಿ ಹಾಕಲೇಬೇಕಿತ್ತು. ಅಲ್ಲಿ ಅಕ್ಕನ ಅತ್ತೆ ಇದ್ದಾರೆ, ವಯಸ್ಸಾಗಿದೆ. ಹಾಗಾಗಿ ಮಾಸ್ಕ್ ಹಾಕಿಕೊಂಡೇ ಒಳಗೆ ಹೋದೆ.

ನಮ್ಮ ಭಾವನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಬಾಗಿಲಲ್ಲೇ ಶುರು ಮಾಡಿದರು. "ಏನಮ್ಮಾ, ಇನ್ನೂ ಬಿಟ್ಟಿಲ್ವಾ ಈ ಬಾಯಿಕುಕ್ಕೆ?" ಎಲ್ಲರೂ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಸೋಫಾದಲ್ಲಿ ಒರಗಿಕೊಂಡು ತೀರ್ಪು ಕೊಟ್ಟರು: "ನೋಡು, ಆ ಕೊರೊನಾ ಟೈಮಲ್ಲಿ ಧೈರ್ಯ ಇದ್ದವರಿಗೆ ಏನೂ ಆಗಲಿಲ್ಲ. ಹೆದರಿದವರೇ ಮಲಗಿದ್ದು."

ಹೆದರಿ ಮಲಗಿದವಳು ನಾನೇ. ಅದು ಅವರಿಗೂ ಗೊತ್ತು.

ರಾತ್ರಿಯೆಲ್ಲ ಅದೇ ಮಾತು ಕೊರೆಯುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಭಾವ ಧೈರ್ಯಸ್ಥ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಅವರು ಯೋಚಿಸಿ, ಅಳೆದು ತೂಗಿ ತೆಗೆದುಕೊಂಡ ನಿರ್ಧಾರ ಅನ್ನುವ ಹಾಗೆ ಮಾತಾಡುತ್ತಾರಲ್ಲ, ಅದು ಸಹಿಸಲಾಗುವುದಿಲ್ಲ. ಅವರು ಹುಟ್ಟಿದ್ದೇ ಹಾಗೆ. ನಾಲ್ಕು ಜನ ಸುತ್ತ ಇಲ್ಲದಿದ್ದರೆ ಅವರಿಗೆ ಉಸಿರು ಕಟ್ಟುತ್ತದೆ. ಮೊದಲು ಹೊರಗೆ ಹೋದರು, ಆಮೇಲೆ ಹೋದದ್ದಕ್ಕೆ ಕಾರಣ ಹುಡುಕಿದರು.

ಮನುಷ್ಯನ ಸ್ವಭಾವವನ್ನು ಅಳೆಯುವವರು ಸಾಮಾನ್ಯವಾಗಿ ಐದು ಗುಣ ಹಿಡಿದು ನೋಡುತ್ತಾರೆ: ಹೊಸದಕ್ಕೆ ಒಗ್ಗಿಕೊಳ್ಳುವುದು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳ ಪಡುವುದು. ಭಾವನಿಗೆ ಮೂರನೆಯದು ಜಾಸ್ತಿ, ನನಗೆ ಕೊನೆಯದು. ಇನ್ನೇನಿದೆ ಇದರಲ್ಲಿ ಹೆಮ್ಮೆ ಪಡುವುದಕ್ಕೆ?

2020ರ ಮಾರ್ಚಲ್ಲಿ ಎಷ್ಟೋ ದೇಶಗಳಲ್ಲಿ ಜನ ಅಂಗಡಿಗೆ ನುಗ್ಗಿ ಟಾಯ್ಲೆಟ್ ಪೇಪರ್ ಹೊತ್ತುಕೊಂಡು ಹೋದದ್ದು ನೆನಪಿದೆ ಅಲ್ವಾ? ಕೆಮ್ಮಿನ ರೋಗಕ್ಕೆ ಅದರಿಂದ ಏನು ಪ್ರಯೋಜನ ಅಂತ ನಾವೆಲ್ಲ ನಕ್ಕೆವು. ಆಗ 22 ದೇಶಗಳ ಸುಮಾರು ಸಾವಿರ ಜನರನ್ನು ಕೇಳಿ ಒಂದು ಅಧ್ಯಯನ ಮಾಡಿದ್ದರು. ರೋಗ ತನ್ನ ತನಕ ಬಂದೇಬಿಟ್ಟಿತು ಅಂತ ಯಾರಿಗೆ ಹೆಚ್ಚು ಅನ್ನಿಸಿತ್ತೋ ಅವರು ಹೆಚ್ಚು ಕೂಡಿಟ್ಟಿದ್ದರು. ಅಚ್ಚುಕಟ್ಟಿನವರೂ ಕೂಡಿಟ್ಟಿದ್ದರು, ಮುಂದಾಲೋಚನೆ ಅಂದುಕೊಂಡು. ಹೆದರಿಕೆಯವರೂ ಶಿಸ್ತಿನವರೂ ಒಂದೇ ಸಾಲಲ್ಲಿ, ಕೈಯಲ್ಲಿ ಅದೇ ಪೇಪರ್ ಸುರುಳಿ. (ನಮ್ಮ ಮನೆಯಲ್ಲಿ ಒಂದು ಇಡೀ ಕಪಾಟು ಸೋಪು ಇತ್ತು. ನಗಬೇಡಿ.)

ಅದೇ ಅಧ್ಯಯನ ಹಿಡಿದುಕೊಂಡು ಯಾರಾದರೂ ಜಗಳಕ್ಕೆ ಬರುತ್ತೀರಿ ಅಂತ ಗೊತ್ತು. ಸ್ವಭಾವದ ಪಾಲು ಅದರಲ್ಲಿ ಸಣ್ಣದೇ ಅಂತ ಅವರೇ ಹೇಳಿದ್ದರು. ದಿನದ ಕೂಲಿ ನಂಬಿದವನಿಗೆ, ಒಂದೇ ಕೋಣೆಯಲ್ಲಿ ಆರು ಜನ ಇರುವವರಿಗೆ ಯಾವ ಸ್ವಭಾವ, ಯಾವ ಆಯ್ಕೆ? ಸರಿ, ಒಪ್ಪಿದೆ. ನಾನು ಹೇಳುತ್ತಿರುವುದು ಆಯ್ಕೆ ಇದ್ದವರ ಬಗ್ಗೆ. ಅಕ್ಕ, ಭಾವ ಇಬ್ಬರದೂ ಒಂದೇ ಮನೆ, ಒಂದೇ ಸಂಬಳ, ಒಂದೇ ಟೀವಿ, ಒಂದೇ ಸುದ್ದಿ. ಅಕ್ಕ ಬಾಗಿಲ ಚಿಲಕವನ್ನೂ ಒರೆಸುತ್ತಿದ್ದಳು. ಭಾವ ಅದೇ ಬಾಗಿಲು ತೆಗೆದು ಊರು ಸುತ್ತಲು ಹೋಗುತ್ತಿದ್ದರು. ಲೆಕ್ಕದ ಪಟ್ಟಿಯಲ್ಲಿ ಸ್ವಭಾವ ಸಣ್ಣದಿರಬಹುದು. ಆ ಮನೆಯೊಳಗೆ ಮಾತ್ರ ಜಗಳ ಪೂರ್ತಿ ಅದರದ್ದೇ.

ಈಗ ಆ "ಏನೂ ಆಗಲಿಲ್ಲ"ಕ್ಕೆ ಬರೋಣ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಅದು. ಧೈರ್ಯ ಇದ್ದೂ ಹೋದವರು ಇವತ್ತು ಸೋಫಾದಲ್ಲಿ ಕೂತು ತೀರ್ಪು ಕೊಡಲು ಬರುವುದಿಲ್ಲವಲ್ಲ. ಅದೂ ಅಲ್ಲದೆ, ಭಾವನಿಗೆ ಏನೂ ಆಗಲಿಲ್ಲ ಅಂದರೆ ಭಾವನಿಂದ ಯಾರಿಗೂ ಏನೂ ಆಗಲಿಲ್ಲ ಅಂತ ಅರ್ಥವೇ?

ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಅಂತ ಒಬ್ಬಳು ಅಡುಗೆಯವಳಿದ್ದಳು. ಅವಳದು ಟೈಫಾಯ್ಡ್ ಕಥೆ, ನೂರು ವರ್ಷ ಹಳೆಯದು. ಅವಳು ಅಡುಗೆ ಮಾಡಿದ ಮನೆಗಳಲ್ಲಿ ಒಂದಾದಮೇಲೊಂದು ಟೈಫಾಯ್ಡ್. ಅವಳಿಗೆ ಮಾತ್ರ ಏನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದಳು. ಪರೀಕ್ಷೆ ಮಾಡಬೇಕು ಅಂತ ಹೋದವನನ್ನು ಅಡುಗೆಮನೆಯ ಫೋರ್ಕ್ ಹಿಡಿದು ಅಟ್ಟಿದಳಂತೆ. 1907ರಲ್ಲಿ ಹಿಡಿದು ಕೂಡಿಹಾಕಿದರು. ಇನ್ನು ಅಡುಗೆ ಕೆಲಸ ಮಾಡುವುದಿಲ್ಲ ಅಂತ ಒಪ್ಪಿಕೊಂಡ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ಮತ್ತೆ ಸಿಕ್ಕಿದಳು. ಎಲ್ಲಿ? ಬೇರೆ ಹೆಸರಿಟ್ಟುಕೊಂಡು, ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ! ಅಲ್ಲಿಂದ 1938ರಲ್ಲಿ ಸಾಯುವ ತನಕ ಒಂದು ದ್ವೀಪದಲ್ಲಿ ಇಟ್ಟರು. ತನ್ನಿಂದ ರೋಗ ಹರಡುತ್ತದೆ ಅಂತ ಅವಳು ಕೊನೆಯವರೆಗೂ ಒಪ್ಪಲಿಲ್ಲ.

ಅವಳಿಗೂ ಅನ್ಯಾಯವಾಗಿದೆ, ಅದನ್ನೂ ಹೇಳಬೇಕು. ಅವಳಂತೆಯೇ ರೋಗ ಹೊತ್ತು ತಿರುಗುತ್ತಿದ್ದ ಬೇರೆಯವರೂ ಸಿಕ್ಕಿದ್ದರು, ಅವರನ್ನು ಯಾರೂ ಹೀಗೆ ವರ್ಷಗಟ್ಟಲೆ ದ್ವೀಪದಲ್ಲಿಡಲಿಲ್ಲ. ಬೇರೆ ಕೆಲಸದಲ್ಲಿ ಅಡುಗೆಯಷ್ಟು ಸಂಬಳವೂ ಇರಲಿಲ್ಲ. ಆದರೂ ನಮ್ಮ ಭಾವ ಮಾತಾಡುವಾಗಲೆಲ್ಲ ನನಗೆ ಅವಳೇ ನೆನಪಾಗುತ್ತಾಳೆ. "ನಾನು ಚೆನ್ನಾಗಿದ್ದೀನಲ್ಲ!"

ಮಾಸ್ಕಿನ ಜಗಳವೂ ಹೊಸದಲ್ಲ. 1918ರ ಫ್ಲೂ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಕಡ್ಡಾಯ ಮಾಡಿದ್ದರು. ಮಧ್ಯೆ ತೆಗೆದು, 1919ರ ಜನವರಿಯಲ್ಲಿ ಮತ್ತೆ ಹಾಕಿ ಅಂದಾಗ ಜನ ಮಾಸ್ಕ್ ವಿರೋಧಿ ಸಂಘವನ್ನೇ ಕಟ್ಟಿದರು. ನಮ್ಮ ಭಾವ ಅಲ್ಲಿದ್ದಿದ್ದರೆ ಖಜಾಂಚಿಯಾದರೂ ಆಗಿರುತ್ತಿದ್ದರು.

ಇಷ್ಟೆಲ್ಲ ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಆಗ ಎಲ್ಲರೂ ನನ್ನನ್ನು ಹೊಗಳಿದರು. "ಎಷ್ಟು ಜವಾಬ್ದಾರಿ, ಹೊಸ್ತಿಲು ದಾಟಲಿಲ್ಲ" ಅಂತ. ನಾನೂ ಹೊಗಳಿಸಿಕೊಂಡೆ. ನಿಜ ಏನು ಗೊತ್ತಾ? ನನಗೆ ಅದು ಹಬ್ಬ. ಯಾರ ಮನೆಗೂ ಹೋಗಬೇಕಿಲ್ಲ, ಯಾರೂ ಬರುವುದಿಲ್ಲ. ಒಂಟಿಯಾಗಿದ್ದ ಗೆಳತಿಯೊಬ್ಬಳು ದಿನಾ ಫೋನ್ ಮಾಡುತ್ತಿದ್ದಳು. ಎರಡು ವಾರ ಆದಮೇಲೆ ನಾನು ಎತ್ತುವುದನ್ನೇ ಕಡಿಮೆ ಮಾಡಿದೆ. ಅದಕ್ಕೆ ಯಾವ ವೈರಸ್ಸೂ ಕಾರಣ ಅಲ್ಲ. ಫೋನಿನಲ್ಲಿ ಏನೂ ಹರಡುವುದಿಲ್ಲ.

ಇನ್ನೊಂದೂ ಇದೆ. ಅಷ್ಟು ಜೋಪಾನ ಮಾಡಿಯೂ ನನಗೆ ಬಂತು. ಜ್ವರದಲ್ಲಿ ಬಿದ್ದಿದ್ದಾಗ ಹನ್ನೊಂದು ದಿನವೂ ಬಾಗಿಲಿಗೆ ಔಷಧಿ ತಂದಿಟ್ಟವರು ಯಾರು? ಇದೇ ಭಾವ. ಮಾಸ್ಕ್ ಮೂಗಿನ ಕೆಳಗೆ. ನನ್ನಂಥ ಜವಾಬ್ದಾರಿಯವರು ಒಬ್ಬರೂ ಬರಲಿಲ್ಲ. ಬಂದಿದ್ದರೆ ನನಗೂ ಆಶ್ಚರ್ಯವಾಗುತ್ತಿತ್ತು, ಅವರ ಜಾಗದಲ್ಲಿ ನಾನೂ ಬರುತ್ತಿರಲಿಲ್ಲ. ಕಿಟಕಿಯೊಳಗಿನಿಂದಲೇ "ಮೂಗು ಮುಚ್ಚಿಕೊಳ್ಳಿ ಭಾವ" ಅಂತ ಕಿರುಚುತ್ತಿದ್ದೆ. "ಮುಚ್ಚಿಕೊಂಡರೆ ನಿನ್ನ ಬೈಗುಳ ಕೇಳಿಸಲ್ಲ" ಅನ್ನುತ್ತಿದ್ದರು. ಮೂಗಿಗೂ ಕಿವಿಗೂ ಏನು ಸಂಬಂಧವೋ.

ಆದರೂ ಆ ಮಾತು ತಪ್ಪೇ. ಔಷಧಿ ತಂದುಕೊಟ್ಟರು ಅಂತ "ಧೈರ್ಯ ಇದ್ದವರಿಗೆ ಏನೂ ಆಗಲಿಲ್ಲ" ಅನ್ನುವುದು ಸರಿಯಾಗಿಬಿಡುವುದಿಲ್ಲ. ಹೋಗಿ ಹೇಳೋಣ ಅಂದರೆ ಉಪಯೋಗವಿಲ್ಲ, ಹುಟ್ಟುಗುಣ ಸುಟ್ಟರೂ ಹೋಗಲ್ಲ. ಅವರದಷ್ಟೇ ಅಲ್ಲ ಬಿಡಿ.

ಇಷ್ಟು ಬರೆಯುವಷ್ಟರಲ್ಲಿ ಅವರದೇ ಫೋನ್. "ಕೆಮ್ಮು ಹೇಗಿದೆ? ಏನಾದ್ರೂ ತರಲಾ?" ಬೇಡ ಭಾವ, ನೀವು ಬರಬೇಡಿ ಅಂದೆ. "ಆಯ್ತು, ಅರ್ಧ ಗಂಟೆಯಲ್ಲಿ ಬಂದೆ" ಅಂತ ಇಟ್ಟರು.

ಮಾಸ್ಕ್ ಎಲ್ಲಿಟ್ಟೆನೋ ಹುಡುಕುತ್ತಿದ್ದೇನೆ.