ಕಂಪ್ಯೂಟರ್ ಇದೆ, ಮುಟ್ಟಬೇಡಿ

ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯನ್ನು ನೋಡಿಯೇ ಆ ಊರಿನ ಡಿಜಿಟಲ್ ಪ್ರಗತಿಯನ್ನು ಅಳೆದುಬಿಡಬಹುದು. ಬಂದ ಹೊಸತರಲ್ಲಿ ಕಂಪನಿಯವರೇ ಕೊಟ್ಟ ಪ್ಲಾಸ್ಟಿಕ್ ಚೀಲ ಇರುತ್ತದೆ. ಶಾಸಕರು ಬಂದು ಟೇಪು ಕತ್ತರಿಸಿ ಹೋದ ಮೇಲೆ ಹೂವಿನ ಕಸೂತಿಯ ಮೇಜುವಸ್ತ್ರ ಬರುತ್ತದೆ. ಒಂದು ಮಳೆಗಾಲ ಕಳೆದು ಸೂರು ತೊಟ್ಟಿಕ್ಕತೊಡಗಿದಾಗ ಹಿಂದಿನ ಚುನಾವಣೆಯ ಫ್ಲೆಕ್ಸು ಮೈಮೇಲೆ ಬೀಳುತ್ತದೆ. ಫ್ಲೆಕ್ಸಿನ ಹಂತ ಮುಟ್ಟಿದ ಕಂಪ್ಯೂಟರು ಸಂಪೂರ್ಣ ಡಿಜಿಟಲ್ ಆಯಿತೆಂದೇ ತಿಳಿಯಬೇಕು. ಅಷ್ಟು ಹೊತ್ತಿಗೆ ಅದು ತಾಲ್ಲೂಕಿನ ವರದಿಯಲ್ಲಿ, ಜಿಲ್ಲೆಯ ವರದಿಯಲ್ಲಿ, ಬೆಂಗಳೂರಿನ ವರದಿಯಲ್ಲಿ ಹಗಲಿರುಳು ದುಡಿಯುತ್ತಿರುತ್ತದೆ. ಮೇಜಿನ ಮೇಲೆ ಮಾತ್ರ ವಿಶ್ರಾಂತಿ.

ಹಾಗೆಂದು ಎಲ್ಲವನ್ನೂ ಹಳಿಯುವ ಚಪಲ ನನಗಿಲ್ಲ. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಎಷ್ಟೋ ಕಡೆ ಗೋಡೆಗೆ ಸುಣ್ಣಬಣ್ಣ ಬಂತು, ಕೂರಲು ಕುರ್ಚಿ ಬಂತು. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಗಿ ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಕೋವಿಡ್ಡಿನಲ್ಲಿ ಶಾಲೆಗೆ ಬೀಗ ಬಿದ್ದಿದ್ದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು, ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಚೆಂದದ ಹೆಸರು, ಹಲವು ಕಡೆ ಕಂಪ್ಯೂಟರು, ಟಿವಿ, ಮೊಬೈಲು. ಮನಸ್ಸಿಟ್ಟು ಕೆಲಸ ಮಾಡುವ ಮೇಲ್ವಿಚಾರಕರು ಇದ್ದಲ್ಲಿ ಮಕ್ಕಳು ಸಂಜೆ ಓಡಿ ಬರುವುದನ್ನೂ ನೋಡಿದ್ದೇನೆ. ನನ್ನ ತಕರಾರೇನಿದ್ದರೂ ಬಂದ ಯಂತ್ರಕ್ಕೆ ನಾವು ಕೊಡುತ್ತಿರುವ ಅತಿಯಾದ ಮರ್ಯಾದೆಯ ಬಗ್ಗೆ.

ಈ ಮರ್ಯಾದೆ ಹುಟ್ಟುವುದು ದಾಸ್ತಾನು ವಹಿಯಲ್ಲಿ. ವಸ್ತುವೊಂದು ವಹಿಯಲ್ಲಿ ಏರಿತೆಂದರೆ ಅದು ಹಾಳಾದಾಗ ಯಾರ ತಲೆಗೆ ಕಟ್ಟಬೇಕೆಂಬುದೂ ಏರಿದಂತೆಯೇ. ಬಹುಕಾಲ ದಿನಕ್ಕೆ ನಾಲ್ಕು ಗಂಟೆಯ ಕೆಲಸವೆಂದು ಲೆಕ್ಕ ಹಿಡಿದು ಗೌರವಧನವೆಂಬ ಹೆಸರಿನಲ್ಲಿ ಇಷ್ಟಿಷ್ಟು ಕೊಟ್ಟು ದುಡಿಸಿಕೊಂಡ ಮೇಲ್ವಿಚಾರಕಿಯ ಸುಪರ್ದಿಗೆ ಅವರ ಹಲವು ತಿಂಗಳ ಗೌರವಧನದಷ್ಟು ಬೆಲೆಯ ಯಂತ್ರವನ್ನು ಒಪ್ಪಿಸಿ, ಸಹಿ ಪಡೆದು, ‘ಜನ ಬಳಸಲಿ’ ಎಂದರೆ ಏನಾದೀತು? ಬಳಸಿದರೆ ಕೆಡಬಹುದು, ಬಳಸದಿದ್ದರೆ ಕೆಡುವುದಿಲ್ಲ. ಬಳಸದೇ ಕೆಟ್ಟರೆ ಅದು ಕಂಪನಿಯ ದೋಷ. ಇಷ್ಟು ತರ್ಕ ಗೊತ್ತಿರುವ ಯಾರೇ ಆದರೂ ಮಾಡುವುದನ್ನೇ ಅವರು ಮಾಡುತ್ತಾರೆ: ಮೌಸನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬೀರುವಿನ ಕೀಲಿ ಪಿಡಿಒ ಬಳಿ. ಪಿಡಿಒ ತಾಲ್ಲೂಕು ಪಂಚಾಯಿತಿಯ ಸಭೆಯಲ್ಲಿ. ಸಭೆಯ ವಿಷಯ, ಗ್ರಾಮೀಣ ಜನರಿಗೆ ಡಿಜಿಟಲ್ ಸಾಕ್ಷರತೆ.

ನಾನು ಹೇಳುತ್ತಿರುವುದು ಒಂದು ಊರಿನ ಕಥೆ. ಹೆಸರು ಬೇಡ, ಓದುವವರು ತಮ್ಮ ಊರಿನ ಹೆಸರನ್ನೇ ಬರೆದುಕೊಳ್ಳಬಹುದು. ಅಲ್ಲಿನ ಗ್ರಂಥಾಲಯದ ಬಾಗಿಲಲ್ಲಿ ಬಣ್ಣದ ಫಲಕವೊಂದಿದೆ: ‘ಮೊಬೈಲ್ ಮತ್ತು ಕಂಪ್ಯೂಟರ್ ಬಳಸಲು ಬಾರದವರಿಗೆ ಉಚಿತ ತರಬೇತಿ. ನೋಂದಣಿಗಾಗಿ ಕೆಳಗಿನ ಕ್ಯುಆರ್ ಕೋಡನ್ನು ನಿಮ್ಮ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ.’ ಈ ಫಲಕವನ್ನು ಬರೆದವರು ಯಾರೋ, ಬಹಳ ದೂರದೃಷ್ಟಿಯವರು. ಸ್ಕ್ಯಾನ್ ಮಾಡಲು ಬಂದವರಿಗೆ ತರಬೇತಿ ಬೇಕಿಲ್ಲ, ತರಬೇತಿ ಬೇಕಾದವರಿಗೆ ಸ್ಕ್ಯಾನ್ ಮಾಡಲು ಬರುವುದಿಲ್ಲ. ಒಂದೇ ಏಟಿಗೆ ಅಷ್ಟೂ ಅರ್ಜಿಗಳು ವಿಲೇವಾರಿ.

ಯಾರೋ ಪೇಟೆಯ ಹುಡುಗ ತಮಾಷೆಗೆಂದು ಸ್ಕ್ಯಾನ್ ಮಾಡಿಯೇಬಿಟ್ಟ. ಇಂಗ್ಲಿಷಿನಲ್ಲಿ ಅರ್ಜಿ ತೆರೆದುಕೊಂಡಿತು. ಹೆಸರು, ಇಮೇಲ್, ಪಾಸ್‌ವರ್ಡ್. ಪಾಸ್‌ವರ್ಡಿನಲ್ಲಿ ಒಂದು ದೊಡ್ಡ ಅಕ್ಷರ, ಒಂದು ಸಣ್ಣ ಅಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಲೇಬೇಕು. ದೊಡ್ಡದು ಸಣ್ಣದು ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರ ಕಲಿತ ಅಜ್ಜಿಗೆ ಇದನ್ನು ವಿವರಿಸುವವರು ಯಾರು? ವಿವರಿಸಲೆಂದೇ ತರಬೇತಿ ಇದೆ. ತರಬೇತಿಗೆ ನೋಂದಣಿ ಬೇಕು. ನೋಂದಣಿಗೆ ಪಾಸ್‌ವರ್ಡ್ ಬೇಕು. ಇದನ್ನೆಲ್ಲ ದಾಟಿದರೆ ಕೊನೆಯಲ್ಲಿ ನೀವು ಮನುಷ್ಯರೇ ಎಂದು ಯಂತ್ರಕ್ಕೆ ಖಾತ್ರಿಪಡಿಸಬೇಕು. ವಕ್ರವಾಗಿ ಬರೆದ ಆರು ಅಕ್ಷರಗಳಲ್ಲಿ ಮೂರನೆಯದು ಸೊನ್ನೆಯೋ ‘ಓ’ ಅಕ್ಷರವೋ ಎಂದು ಹುಡುಗ ಎರಡು ಸಲ ತಪ್ಪಿ ಮೂರನೆಯ ಸಲ ಪೇಟೆಗೆ ವಾಪಸಾದ.

ಕನ್ನಡದ ಪಾಡೂ ಇಲ್ಲಿ ನೋಡುವಂಥದ್ದು. ಮೇಲಿನ ಕಚೇರಿಯಿಂದ ಸುತ್ತೋಲೆಯೊಂದು ಬರುತ್ತದೆ. ಅಲ್ಲಿನ ಗುಮಾಸ್ತರು ಅದನ್ನು ಯೂನಿಕೋಡಿಗೂ ಮುಂಚಿನ ಹಳೆಯ ಫಾಂಟಿನಲ್ಲಿ ಟೈಪಿಸಿದ್ದಾರೆ. ಆ ಫಾಂಟು ಇಲ್ಲಿಯ ಯಂತ್ರದಲ್ಲಿಲ್ಲ. ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದೊಂದರ ತಲೆಯ ಮೇಲೂ ಒಂದು ಕೊಂಬು, ಒಂದು ಟೋಪಿ, ಎರಡು ಚುಕ್ಕಿ. ಸರ್ಕಾರಿ ಕೆಲಸಕ್ಕೆ ಯೂನಿಕೋಡನ್ನೇ ಬಳಸಬೇಕೆಂದು ಆದೇಶ ಇದೆ. ಆ ಆದೇಶವೂ ಹಳೆಯ ಫಾಂಟಿನಲ್ಲೇ ಬಂದಿದ್ದರೆ ಯಾರೂ ಓದದೇ ಇರುವುದು ಅವರ ತಪ್ಪೇನಲ್ಲ. ಸುತ್ತೋಲೆಯಲ್ಲಿ ಏನಿದೆ ಎಂದು ಮೇಲ್ವಿಚಾರಕಿ ಫೋನು ಮಾಡಿ ಕೇಳಿದರು. ‘ನಿಮ್ಮ ಕೇಂದ್ರದಲ್ಲಿ ಕನ್ನಡದಲ್ಲಿ ಡಿಜಿಟಲ್ ಸಂಪನ್ಮೂಲ ಲಭ್ಯವಿದೆಯೇ ಎಂದು ಕೇಳಿದ್ದೇವೆ ಮೇಡಂ, ತುರ್ತು’ ಎಂದು ಉತ್ತರ ಬಂತು.

ಇಷ್ಟಾದರೂ ಆ ಕೋಣೆಯಲ್ಲಿ ಡಿಜಿಟಲ್ ನೆರವು ದಿನವೂ ನಡೆಯುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಬೆಳಿಗ್ಗೆ ಹತ್ತೂವರೆಗೆ ಒಬ್ಬ ಅಜ್ಜ ಬರುತ್ತಾರೆ. ಪಿಎಂ ಕಿಸಾನ್ ಹಣ ನಿಂತಿದೆ, ಇ-ಕೆವೈಸಿ ಆಗಬೇಕಂತೆ. ಮೇಲ್ವಿಚಾರಕಿ ಫ್ಲೆಕ್ಸು ಹೊದ್ದ ಕಂಪ್ಯೂಟರಿನ ಕಡೆ ನೋಡುವುದೂ ಇಲ್ಲ. ಬ್ಯಾಗಿನಿಂದ ತಮ್ಮದೇ ಮೊಬೈಲು ತೆಗೆಯುತ್ತಾರೆ. ಪರದೆಯ ಬಲ ಮೂಲೆ ಸೀಳಿದೆ, ಅದರ ಮೇಲೆ ಪಾರದರ್ಶಕ ಟೇಪು. ಡೇಟಾ ಅವರದ್ದು, ರೀಚಾರ್ಜು ಅವರ ಯಜಮಾನರದ್ದು. ಆಧಾರ್ ಸಂಖ್ಯೆ ಒತ್ತುತ್ತಾರೆ. ಒಟಿಪಿ ಹೋಗುತ್ತದೆ.

ಎಲ್ಲಿಗೆ? ಆಧಾರಿಗೆ ಜೋಡಿಸಿರುವುದು ಮಗನ ನಂಬರು. ಮಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟೊಂದರ ಕಾವಲುಗಾರ. ಅವನಿಗೆ ಫೋನು ಹಚ್ಚಬೇಕು, ಅವನು ಗೇಟು ಬಿಟ್ಟು ಪಕ್ಕಕ್ಕೆ ಬರಬೇಕು, ಬಂದ ಸಂದೇಶವನ್ನು ಓದಬೇಕು, ಅಷ್ಟರೊಳಗೆ ಹತ್ತು ನಿಮಿಷ ಮೀರಿರಬಾರದು. ಅಜ್ಜನಿಗೆ ಕಿವಿ ಮಂದ. ಮಗ ಅಲ್ಲಿಂದ ಕೂಗುತ್ತಾನೆ, ಅಜ್ಜ ಇಲ್ಲಿ ಇನ್ನೂ ಜೋರಾಗಿ ಪುನರುಚ್ಚರಿಸುತ್ತಾರೆ: ‘ನಾಲ್ಕು, ಒಂದು, ಆರು...’ ಪತ್ರಿಕೆ ಓದುತ್ತಿದ್ದ ನಿವೃತ್ತ ಮೇಷ್ಟ್ರು ತಲೆ ಎತ್ತದೆಯೇ ತಿದ್ದುತ್ತಾರೆ, ‘ಆರಲ್ಲ, ಏಳು ಎಂದ ನಿಮ್ಮ ಮಗ’. ಹೊರಗೆ ಕಟ್ಟೆಯ ಮೇಲೆ ಕೂತವರಿಗೂ ಅಂಕಿ ಬಾಯಿಪಾಠವಾಗುತ್ತದೆ. ಇಡೀ ಊರು ಸೇರಿ ಒಟಿಪಿ ಹಾಕುತ್ತದೆ. ಅವರೆಲ್ಲರ ತಲೆಯ ಮೇಲೆ, ಗೋಡೆಯಲ್ಲಿ, ಸೈಬರ್ ಸುರಕ್ಷತೆಯ ಪೋಸ್ಟರು: ‘ನಿಮ್ಮ ಒಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.’

ಸಂಜೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಬರುತ್ತಾಳೆ. ಬಂದವರ ಫೋನು ಇಸಿದುಕೊಂಡು ವಿದ್ಯುತ್ ಬಿಲ್ಲು ಕಟ್ಟಿಕೊಡುತ್ತಾಳೆ, ಪಹಣಿ ತೆಗೆದುಕೊಡುತ್ತಾಳೆ, ದೊಡ್ಡಮ್ಮಂದಿರ ಫೋನಿನ ಅಕ್ಷರ ದೊಡ್ಡದು ಮಾಡಿಕೊಡುತ್ತಾಳೆ. ‘ಅಕ್ಕಾ, ಈ ಕಂಪ್ಯೂಟರಿನಲ್ಲಿ ಮಾಡಿದರೆ ಬೇಗ ಆಗುತ್ತದೆ’ ಎಂದು ಮೇಲ್ವಿಚಾರಕಿಗೆ ಹೇಳಿಯೂ ನೋಡಿದ್ದಾಳೆ. ಆದರೆ ಮಕ್ಕಳು ಕಂಪ್ಯೂಟರು ಮುಟ್ಟಬಾರದೆಂದು ಅಲ್ಲಿ ಚೀಟಿ ಅಂಟಿಸಿದೆ. ಚೀಟಿ ಬರೆದದ್ದೂ ಅವಳೇ, ಅಕ್ಷರ ಚೆಂದವೆಂದು ಅವಳಿಂದಲೇ ಬರೆಸಿದರು.

ಇನ್ನು ಫೋಟೊ. ಡಿಜಿಟಲ್ ಗ್ರಂಥಾಲಯದ ಉಸಿರಾಟವೇ ಫೋಟೊ. ವಾಟ್ಸ್‌ಆಪ್ ಗುಂಪಿನಲ್ಲಿ ಬೆಳಿಗ್ಗೆಯೇ ಅಪ್ಪಣೆಯಾಗುತ್ತದೆ: ‘ಜನ ಕಂಪ್ಯೂಟರ್ ಬಳಸುತ್ತಿರುವ ಜಿಪಿಎಸ್ ಫೋಟೊವನ್ನು ಮಧ್ಯಾಹ್ನದೊಳಗೆ ಹಾಕಿ.’ ಆಗ ಫ್ಲೆಕ್ಸು ಸರಿಯುತ್ತದೆ. ನಿವೃತ್ತ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ಮೌಸಿನ ಜಾಗದಲ್ಲಿ ಅವರ ಕನ್ನಡಕದ ಡಬ್ಬಿ ಇಡಲಾಗುತ್ತದೆ (ಮೌಸು ಬೀರುವಿನಲ್ಲಿದೆಯಲ್ಲ). ಅವರು ಕಪ್ಪು ಪರದೆಯಲ್ಲಿ ತಮ್ಮ ಮುಖವನ್ನೇ ನೋಡಿ ಕೂದಲು ಸರಿಪಡಿಸಿಕೊಳ್ಳುತ್ತಾರೆ. ಫೋಟೊದ ಕೆಳಗೆ ಅಕ್ಷಾಂಶ ರೇಖಾಂಶ ಕರಾರುವಾಕ್ಕಾಗಿ ಮೂಡುತ್ತವೆ. ಮೇಷ್ಟ್ರು ಎಲ್ಲಿದ್ದರು ಎಂಬುದು ಉಪಗ್ರಹಕ್ಕೂ ಗೊತ್ತು. ಕರೆಂಟು ಇತ್ತೇ ಎಂದು ಮಾತ್ರ ಯಾವ ಉಪಗ್ರಹವೂ ಕೇಳುವುದಿಲ್ಲ.

ಹಳ್ಳಿಯವರನ್ನೇ ಏಕೆ ಆಡಿಕೊಳ್ಳಬೇಕು? 2020ರಲ್ಲಿ ರಾಜ್ಯದ್ದೇ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಮೊಬೈಲಿಗೇ ಇಳಿದು ಬಂತು. ಒಳ್ಳೆಯದೇ ಆಯಿತು. ನೋಂದಾಯಿಸಿಕೊಂಡವರ ಸಂಖ್ಯೆ ಲಕ್ಷ ಲಕ್ಷಗಳಲ್ಲಿ ಏರಿತು, ಏರಿದ್ದು ಪತ್ರಿಕೆಗಳಲ್ಲಿ ಬಂತು. ನೋಂದಾಯಿಸಿಕೊಂಡ ಮೇಲೆ ಎರಡನೆಯ ಪುಟ ಎಷ್ಟು ಜನ ತಿರುಗಿಸಿದರು ಎಂಬ ಸುದ್ದಿಗೆ ಅಷ್ಟು ದೊಡ್ಡ ಶೀರ್ಷಿಕೆ ಬಿದ್ದದ್ದನ್ನು ನಾನು ಕಂಡಿಲ್ಲ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಗಣಿತದ ಮೇಷ್ಟ್ರಾಗಿದ್ದವರು, ಲೆಕ್ಕ ಸರಿಯಾಗಿರುತ್ತದೆ. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲೇ ದಾಖಲಾತಿ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಕಟ್ಟಿದರು. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸಿ, ಅವರ ಫೋಟೊಕ್ಕೆ ಹಾರ ಹಾಕಿ, ಆ ಹಾರದ ಫೋಟೊವನ್ನೂ ಗುಂಪಿಗೆ ಹಾಕುತ್ತೇವೆ. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಕಪಾಟಿಗೆ ಬೀಗ ಜಡಿಯುವುದನ್ನೇ ಗ್ರಂಥಾಲಯ ನಡೆಸುವುದೆಂದು ತಿಳಿದಿದ್ದ ಕಾಲದಲ್ಲಿ ಅವರು ಆ ಮಾತು ಹೇಳಬೇಕಾಯಿತು. ನಾವು ಪುಸ್ತಕದ ಮಟ್ಟಿಗೆ ಅದನ್ನು ಪಾಲಿಸಿದ್ದೇವೆ, ಬೀಗವನ್ನು ಕಂಪ್ಯೂಟರಿಗೆ ವರ್ಗಾಯಿಸಿದ್ದೇವೆ. ಓದುಗರ ಸಮಯ ಉಳಿಸಿ ಎಂಬುದು ನಾಲ್ಕನೆಯ ಸೂತ್ರ. ಇದಕ್ಕೆ ಮಾತ್ರ ಸಣ್ಣ ತಿದ್ದುಪಡಿ ಆಗಿದೆ: ಸರ್ವರ್ ಬರುವವರೆಗೆ ಓದುಗರು ಕಾಯತಕ್ಕದ್ದು. ಗೃಹಲಕ್ಷ್ಮಿಗೆ ನೋಂದಾಯಿಸಲು 2023ರಲ್ಲಿ ಸೇವಾ ಕೇಂದ್ರಗಳ ಮುಂದೆ ಸಾಲುಗಟ್ಟಿ ಕೂತಿದ್ದ ಹೆಣ್ಣುಮಕ್ಕಳಿಗೆ ಈ ತಿದ್ದುಪಡಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನಮ್ಮಿಂದ ಗ್ರಂಥಾಲಯ ಕರ ವಸೂಲಾಗುತ್ತದೆ. ಈಗ ಅದು ರೂಪಾಯಿಗೆ ಆರು ಪೈಸೆ. ರಸೀದಿ ತೆಗೆದು ನೋಡಿ, ಇದೆ. ನಮ್ಮ ಜೇಬಿನಿಂದ ಅದು ತಪ್ಪದೇ ಹೊರಡುತ್ತದೆ. ಹೊರಟದ್ದು ಗ್ರಂಥಾಲಯವನ್ನು ತಲುಪಿಲ್ಲ, ನಗರಾಡಳಿತಗಳು ಬಾಕಿ ಉಳಿಸಿಕೊಂಡಿವೆ ಎಂಬ ಸುದ್ದಿಯೂ ಅಷ್ಟೇ ತಪ್ಪದೇ ಪ್ರತಿವರ್ಷ ಬರುತ್ತದೆ.

ನಮ್ಮ ಆ ಊರಿನ ಸಮಸ್ಯೆ ಇಷ್ಟು ದೊಡ್ಡದಲ್ಲ. ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್ ಬೇಕು. ಅದರ ಬಿಲ್ಲನ್ನು ಯಾವ ಲೆಕ್ಕ ಶೀರ್ಷಿಕೆಯಡಿ ಹಾಕಬೇಕೆಂದು ಪಂಚಾಯಿತಿ ಕೇಳಿದೆ. ಪುಸ್ತಕ ಖರೀದಿಯಡಿ ಬರುವುದಿಲ್ಲ, ಪೀಠೋಪಕರಣದಡಿಯೂ ಬರುವುದಿಲ್ಲ. ಸ್ಪಷ್ಟೀಕರಣ ಕೋರಿ ಬರೆದ ಪತ್ರಕ್ಕೆ ಇಮೇಲಿನಲ್ಲಿ ಉತ್ತರ ಬಂದಿರುತ್ತದೆ, ನೋಡಲು ಬ್ರಾಡ್‌ಬ್ಯಾಂಡ್ ಇಲ್ಲ.

ಈ ನಡುವೆ ತ್ರೈಮಾಸಿಕ ವರದಿಯ ಗಡುವು ಬಂತು. ಡಿಜಿಟಲ್ ಕಲಿಕೆಯ ನೆರವು ಪಡೆದ ಫಲಾನುಭವಿಗಳ ವಿವರವನ್ನು ಕಡ್ಡಾಯವಾಗಿ ಆನ್‌ಲೈನಿನಲ್ಲೇ ಸಲ್ಲಿಸಬೇಕು, ಕಡತಕ್ಕೆ ಎರಡು ಪ್ರತಿ ಮುದ್ರಿಸಿ ಕಳುಹಿಸಬೇಕು. ಮೇಲ್ವಿಚಾರಕಿ ಗ್ರಂಥಾಲಯಕ್ಕೆ ಬೀಗ ಹಾಕಿಕೊಂಡು ಬಸ್ಸು ಹತ್ತಿ ಹೋಬಳಿಯ ಸೈಬರ್ ಸೆಂಟರಿಗೆ ಹೋದರು. ಸರ್ವರ್ ಬಂದಿತ್ತು, ಪುಣ್ಯ. ವರದಿ ಏರಿಸಲು ಮೂವತ್ತು ರೂಪಾಯಿ, ಮುದ್ರಣಕ್ಕೆ ಇಪ್ಪತ್ತು, ಬಸ್ಸಿಗೆ ಹೋಗಿ ಬರಲು ಏನೂ ಇಲ್ಲ, ಶಕ್ತಿ ಯೋಜನೆ ಇದೆಯಲ್ಲ. ಐವತ್ತು ರೂಪಾಯಿಯ ಚೀಟಿಯನ್ನು ಜೋಪಾನವಾಗಿ ತಂದು ಬಿಲ್ಲಿಗೆ ಲಗತ್ತಿಸಿದರು.

ಲೆಕ್ಕಪರಿಶೋಧಕರು ಬಂದು ಕಡತ ತಿರುವಿ, ಆ ಚೀಟಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು. ಪಕ್ಕದಲ್ಲಿ ಬರೆದ ಆಕ್ಷೇಪಣೆ ಇಷ್ಟು: ‘ಸುಸಜ್ಜಿತ ಡಿಜಿಟಲ್ ಗ್ರಂಥಾಲಯ ಲಭ್ಯವಿದ್ದೂ ಖಾಸಗಿ ಸೈಬರ್ ಸೆಂಟರಿಗೆ ಪಾವತಿಸಿರುವುದು ಅನಗತ್ಯ ವೆಚ್ಚ. ಸಂಬಂಧಿಸಿದವರಿಂದ ವಸೂಲಿ ಮಾಡತಕ್ಕದ್ದು.’