ದ್ರಾಕ್ಷಿ ಮೇಲಿನ ಬಿಳಿ ಪುಡಿ ವಿಷವಾ?

‘ದ್ರಾಕ್ಷಿ ಮೇಲೆ ಬಿಳಿ ಪುಡಿ ಕಂಡರೆ ಅದು ಕೀಟನಾಶಕ, ತಿನ್ನಲೇಬೇಡಿ’ ಅನ್ನೋ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಒಂದು ಹಣ್ಣನ್ನು ಬೆರಳಿನಿಂದ ಒರೆಸಿ ನೋಡಿ. ಮಂಜು ಹಿಡಿದಂತಿದ್ದ ಸಿಪ್ಪೆ ಆ ಜಾಗದಲ್ಲಿ ಮಿರಮಿರ ಹೊಳೆಯುತ್ತದೆ. ಆ ಮಂಜು ಹಣ್ಣೇ ಹೊದ್ದುಕೊಳ್ಳುವ ಮೇಣ. ಒಳಗಿನ ನೀರು ಬೇಗ ಆರದಂತೆ ಕಾಯುತ್ತದೆ. ಬೂದುಗುಂಬಳದ ಮೇಲೂ ಇಂಥದ್ದೇ ಮೇಣ ಇರುತ್ತದೆ, ಅಲ್ವಾ?

ಹಾಗಂತ ತೊಳೆಯದೆ ಮಕ್ಕಳ ಕೈಗೆ ಕೊಡಬೇಡಿ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಬೂದಿ ರೋಗಕ್ಕೆ ಔಷಧಿ ಹೊಡೆಯುವುದು ನಿಜ. ಆದರೆ ಹಣ್ಣಿನಲ್ಲಿ ಉಳಿದ ಔಷಧಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನದು ಎಷ್ಟೋ ಹೋಗುತ್ತದೆ. ಸಿಪ್ಪೆಯೊಳಗೆ ಇಳಿದದ್ದು ಉಪ್ಪುನೀರಿಗೂ ಹೋಗದು. ಅದನ್ನು ತಡೆಯಬೇಕಾದ್ದು ತೋಟದಲ್ಲೇ: ಔಷಧಿ ಹೊಡೆದ ಮೇಲೆ ಅದರ ಚೀಟಿಯಲ್ಲಿ ಹೇಳಿದಷ್ಟು ದಿನ ಕಾದು ಕೊಯ್ಯಬೇಕು.