ಸ್ಟ್ಯಾಂಡ್ ಇಲ್ಲದ ಸೈಕಲ್ಲು

ನನ್ನ ಫ್ರೆಂಡ್ ಒಬ್ಬ ಮೊನ್ನೆ ಸೈಕಲ್ ತಗೊಂಡ. ಅದಕ್ಕೆ ಸುರಿದ ದುಡ್ಡಲ್ಲಿ ಒಳ್ಳೆ ಕಂಡೀಶನ್ ಇರೋ ಸೆಕೆಂಡ್ ಹ್ಯಾಂಡ್ ಕಾರೇ ಬರ್ತಿತ್ತು, ಇರ್ಲಿ. ಫೋಟೋ ಕಳ್ಸಿ "ಹೆಂಗಿದೆ ಹೇಳು" ಅಂದ. ನಾನು ಝೂಮ್ ಮಾಡಿ ಮಾಡಿ ನೋಡ್ದೆ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಅಂತೂ ಕೇಳ್ಲೇಬೇಡಿ, ಚೈನ್ ಮೇಲೆ ಕವರ್ ಇಲ್ಲ, ಕೊನೆಗೆ ನೋಡಿದ್ರೆ ಪೆಡ್ಲೇ ಇಲ್ಲ! "ಲೇ, ಯಾರೋ ಪೆಡ್ಲು ಬಿಚ್ಕೊಂಡು ಹೋಗಿದಾರೆ ಕಣೋ" ಅಂದೆ. ಇಲ್ವಂತೆ. ಈ ಲೆವೆಲ್ಲಿನ ಸೈಕಲ್ಲುಗಳು ಸಾಮಾನ್ಯವಾಗಿ ಪೆಡ್ಲಿಲ್ದೇನೇ ಬರೋದಂತೆ, ಇಂಥದ್ದು ಹೊಡೆಯೋರು ಅವರವರ ಶೂಗೆ ಕಚ್ಚಿಕೊಳ್ಳೋ ಪೆಡ್ಲನ್ನ ಬೇರೆ ತಗೊಂಡು ಹಾಕಿಸ್ಕೋತಾರಂತೆ. ಶೂಗೂ ಬೇರೆ ದುಡ್ಡು ಅಂತ ನಾನೇ ಅರ್ಥ ಮಾಡ್ಕೊಂಡು ಸುಮ್ನಾದೆ.

ಅವತ್ತಿಂದ ನನ್ನ ತಲೇಲಿ ಇದೇ ಹುಳ. ಬೇರೆ ಯಾವ ಸಾಮಾನಾದ್ರೂ ಜಾಸ್ತಿ ದುಡ್ಡು ಕೊಟ್ರೆ ಏನೋ ಒಂದು ಜಾಸ್ತಿ ಸಿಗುತ್ತೆ, ದೊಡ್ಡ ಮನೆ, ದೊಡ್ಡ ಟೀವಿ, ಎರಡು ಬಾಗಿಲಿನ ಫ್ರಿಡ್ಜು. ಸೈಕಲ್ ವಿಷಯದಲ್ಲಿ ಮಾತ್ರ ದುಡ್ಡು ಏರ್ತಾ ಹೋದ ಹಾಗೆ ಸಾಮಾನು ಇಳೀತಾ ಹೋಗುತ್ತೆ. ಅಗ್ಗದ್ದರಲ್ಲಿ ಎಲ್ಲಾ ಇರುತ್ತೆ, ದುಬಾರಿದರಲ್ಲಿ ಏನೂ ಇರಲ್ಲ, ಆ "ಏನೂ ಇಲ್ಲ" ಅನ್ನೋದಕ್ಕೇ ರೇಟು. ಕಾರ್ಬನ್ ಫೈಬರ್ ಫ್ರೇಮ್ ಒಂದು ಕೆಜಿಗಿಂತ ಕಡಿಮೆ ತೂಗುತ್ತಂತೆ. ಬ್ರೇಕಿನ ಕೇಬಲ್ಲು ಹೊರಗೆ ಕಾಣ್ಸೋದೇ ಇಲ್ಲ, ಎಲ್ಲಾ ಹ್ಯಾಂಡಲ್ ಒಳಗೇ ತೂರಿಸಿರ್ತಾರೆ, ಹಾಗಾಗಿ ಹ್ಯಾಂಡಲ್ ಬುಡದ ಬೇರಿಂಗ್ ಒಂದು ಚೇಂಜ್ ಮಾಡ್ಬೇಕು ಅಂದ್ರೂ ಮೆಕ್ಯಾನಿಕ್ಕು ಅರ್ಧ ಸೈಕಲ್ ಬಿಚ್ಚಿ ಹಾಕ್ತಾನೆ. ಗೇರ್‌ಗೆ ಬ್ಯಾಟರಿ. ಚಾರ್ಜ್ ಖಾಲಿ ಆದ್ರೆ ಯಾವ ಗೇರಲ್ಲಿ ಇತ್ತೋ ಅದ್ರಲ್ಲೇ ಮನೆಗೆ ಬರ್ಬೇಕು. ಬೋಲ್ಟ್ ಪಕ್ಕದಲ್ಲಿ 5 ನ್ಯೂಟನ್ ಮೀಟರ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಅದಕ್ಕಿಂತ ಬಿಗಿ ಮಾಡಿದ್ರೆ ಕಾರ್ಬನ್ ಸೀಳಬಹುದು ಅಂತ. ನಾನು ಇಷ್ಟು ವರ್ಷ "ಸಾಕು ಅನ್ನೋವರ್ಗೂ" ಅನ್ನೋ ಅಳತೇಲೇ ಬೋಲ್ಟ್ ಬಿಗಿ ಮಾಡ್ಕೊಂಡು ಬಂದೋನು.

ತೂಕ ಇಳಿಸೋ ಈ ಹುಚ್ಚು ಎಲ್ಲಿವರ್ಗೂ ಹೋಗಿದೆ ಅಂದ್ರೆ, ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2000ದಲ್ಲೇ 6.8 ಕೆಜಿಗಿಂತ ಹಗುರ ಇರೋ ಸೈಕಲ್ ರೇಸಲ್ಲಿ ಬೇಡ ಅಂತ ರೂಲ್ ತಂತು. ಆಮೇಲೆ ಸೈಕಲ್ಲುಗಳು ಅದಕ್ಕಿಂತಲೂ ಹಗುರ ಆಗಿ, ರೇಸಿಗೆ ಬಿಡೋಕೆ ಅಂತ ಅದ್ರೊಳಗೆ ತೂಕ ತುಂಬಿಸಿದ್ದೂ ಉಂಟು. ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಟ್ಟು ತೂಕ ತೆಗ್ಸೋದು, ಆಮೇಲೆ ಲೋಹದ ತುಂಡು ಇಟ್ಟು ತೂಕ ಹಾಕ್ಸೋದು. ಇದಕ್ಕೆ ಏನನ್ಬೇಕೋ ನನಗೆ ಗೊತ್ತಾಗ್ಲಿಲ್ಲ.

ಸರಿ, ಅದ್ರಿಂದ ಲಾಭ ಎಷ್ಟು ಅಂತ ಒಂದಿನ ಕೂತು ಲೆಕ್ಕ ಹಾಕ್ದೆ. ಫ್ರೆಂಡು 80 ಕೆಜಿ. ಹಳೇ ಸೈಕಲ್ 11 ಕೆಜಿ, ಹೊಸದು 7. ಒಟ್ಟು 91 ಇದ್ದಿದ್ದು 87 ಆಯ್ತು, ಅಂದ್ರೆ ನೂರಕ್ಕೆ ಸುಮಾರು ನಾಲ್ಕೂವರೆ ಕಡಿಮೆ. ಕಡಿದಾದ ಏರು ಹತ್ತೋಕೆ ಒಂದು ಗಂಟೆ ಬೇಕಿದ್ರೆ ಈಗ ಸುಮಾರು ಎರಡೂವರೆ ನಿಮಿಷ ಉಳಿಯುತ್ತೆ. ಅದೂ ಏರಲ್ಲಿ ಮಾತ್ರ, ಸಮತಟ್ಟು ರಸ್ತೇಲಿ ತೂಕದ ಆಟ ಹೆಚ್ಚುಕಮ್ಮಿ ಏನೂ ನಡೆಯಲ್ಲ, ಅಲ್ಲಿ ಶತ್ರು ಗಾಳಿ. ಇನ್ನೂ ನಾಲ್ಕು ಕೆಜಿ ಬೇಕಿದ್ರೆ ಎಲ್ಲಿ ಪುಕ್ಕಟೆಯಾಗಿ ಇಳಿಸ್ಬಹುದು ಅಂತ ಅವನ ಶರ್ಟಿನ ಗುಂಡಿಗಳನ್ನ ನೋಡಿದ್ರೆ ಗೊತ್ತಾಗುತ್ತೆ, ಆದ್ರೆ ಅದನ್ನ ಹೇಳಿದ್ರೆ ಫ್ರೆಂಡ್‌ಶಿಪ್ ಉಳಿಯಲ್ಲ. ಹಾಗಾಗಿ ಬೇರೆ ಕೇಳ್ದೆ: "ಅಲ್ವೋ, ಎರಡೂವರೆ ನಿಮಿಷ ಮುಂಚೆ ಮೇಲೆ ಹೋಗಿ ಏನ್ ಮಾಡ್ತೀಯ?"

"ನೀನು ಬರೋದನ್ನ ಕಾಯ್ತೀನಿ" ಅಂದ.

ಗಾಳಿ ವಿಷಯ ಬಂತಲ್ಲ, ಅದೊಂದು ಮಜಾ ಇದೆ. ಸ್ಪೀಡಾಗಿ ಹೋಗೋವಾಗ ನಮ್ಮ ಶಕ್ತಿಯ ಬಹುಪಾಲು ಗಾಳಿ ಸೀಳೋಕೇ ಖರ್ಚು, ಆ ಗಾಳಿಗೆ ಅಡ್ಡ ನಿಲ್ಲೋದ್ರಲ್ಲಿ ಸೈಕಲ್ಲಿನ ಪಾಲು ಸಣ್ಣದು, ದೊಡ್ಡ ಪಾಲು ಮೇಲೆ ಕೂತಿರೋ ಮನುಷ್ಯಂದು. ಕ್ರಿಸ್ ಬೋರ್ಡ್‌ಮನ್ ಅಂತ ಇಂಗ್ಲೆಂಡಿನ ರೇಸರ್ 1996ರಲ್ಲಿ ಒಂದು ಗಂಟೇಲಿ 56.375 ಕಿಲೋಮೀಟರ್ ಹೊಡೆದಿದ್ದ, ಸೂಪರ್‌ಮ್ಯಾನ್ ಹಾರೋ ಹಾಗೆ ಕೈ ಪೂರ್ತಿ ಮುಂದಕ್ಕೆ ಚಾಚ್ಕೊಂಡು. ಆಮೇಲೆ ಯುಸಿಐ ಅವ್ರು ಇದೆಲ್ಲ ಆಗಲ್ಲ, 1972ರಲ್ಲಿ ಬೆಲ್ಜಿಯಂನ ರೇಸರ್ ಎಡ್ಡಿ ಮರ್ಕ್ಸ್ ಯಾವ ಥರದ ಸೈಕಲ್ಲಲ್ಲಿ ಈ ಒಂದು ಗಂಟೆ ರೆಕಾರ್ಡ್ ಮಾಡಿದ್ನೋ ಆ ಥರದ್ರಲ್ಲೇ ಮಾಡಿ ಅಂದ್ರು. 2000ದಲ್ಲಿ ಅದೇ ಬೋರ್ಡ್‌ಮನ್ ಹಳೇ ಥರದ ಸೈಕಲ್ ಹತ್ತಿ ಗಂಟೆಗೆ 49.441 ಕಿಲೋಮೀಟರ್ ಹೊಡೆದ. ಮರ್ಕ್ಸ್ ಹೊಡೆದಿದ್ದು 49.431. ಇಪ್ಪತ್ತೆಂಟು ವರ್ಷದ ಸೈನ್ಸು ಎಲ್ಲಾ ಕಿತ್ತಿಟ್ಟ ಮೇಲೆ ಉಳಿದಿದ್ದು 10 ಮೀಟರ್! ಅಷ್ಟರಲ್ಲಿ ಬೋರ್ಡ್‌ಮನ್‌ಗೆ ನಾಲ್ಕು ವರ್ಷ ವಯಸ್ಸೂ ಜಾಸ್ತಿ ಆಗಿತ್ತು ಅನ್ನಿ, ಆದ್ರೂ.

ನಾನು ಗೆದ್ದೆ ಅಂದ್ಕೊಂಡು ಇದನ್ನ ಫ್ರೆಂಡ್‌ಗೆ ಹೇಳಿದ್ರೆ ಅವನು ಪಟ್ಟಂತ "ನೋಡು, ಒಳ್ಳೆ ಸೈಕಲ್ಲಿಂದ 7 ಕಿಲೋಮೀಟರ್ ಜಾಸ್ತಿ ಆಯ್ತು ತಾನೇ" ಅಂದ. ಬಗ್ಗಿ ಮಲಗಿದ್ರಿಂದ್ಲೂ ಆಯ್ತು ಕಣೋ, ಬಗ್ಗೋದಕ್ಕೆ ದುಡ್ಡು ಬೇಕಿಲ್ಲ ಅಂತ ನಾನು. ಬಗ್ಗೋಕೆ ಅವನಿಗೆ ಏನು ಅಡ್ಡ ಬರುತ್ತೆ ಅಂತ ಇಬ್ರಿಗೂ ಗೊತ್ತು, ಮಾತು ಅಲ್ಲಿಗೇ ನಿಂತೋಯ್ತು.

ನನಗೆ ಇಷ್ಟ ಆಗೋನು ಗ್ರೇಮ್ ಓಬ್ರಿ. ಸ್ಕಾಟ್ಲೆಂಡಿನವನು, ತಾನೇ ಸೈಕಲ್ ಕಟ್ಕೊಂಡ, ಪೆಡ್ಲಿನ ಬುಡಕ್ಕೆ ವಾಷಿಂಗ್ ಮೆಷಿನ್ನಿಂದ ಬಿಚ್ಚಿದ ಬೇರಿಂಗ್ ಹಾಕ್ದ, 1993ರಲ್ಲಿ ನಾರ್ವೇಲಿ ಅದನ್ನ ತುಳಿದು ಗಂಟೆಗೆ 51.596 ಕಿಲೋಮೀಟರ್ ಹೊಡೆದು ವರ್ಲ್ಡ್ ರೆಕಾರ್ಡ್ ಮಾಡ್ದ. ಅವನು ಮುರಿದಿದ್ದು ಒಂಬತ್ತು ವರ್ಷದಿಂದ ಯಾರೂ ಅಲ್ಲಾಡಿಸದೇ ಇದ್ದ ರೆಕಾರ್ಡನ್ನ. ಒಂದು ವಾರ ಆಗೋದ್ರೊಳಗೆ ಅದೇ ಬೋರ್ಡ್‌ಮನ್ ಬಂದು ಓಬ್ರಿ ರೆಕಾರ್ಡನ್ನೂ ಮುರಿದ ಅನ್ನೋದನ್ನ ನಾನು ಫ್ರೆಂಡ್‌ಗೆ ಹೇಳೋಕೆ ಹೋಗಿಲ್ಲ.

ಅವನು ಕೊಡೋ ಕಾರಣಗಳೇ ನನಗೆ ಸರಿ ಬರಲ್ಲ. ಹೆಲ್ತ್ ಅಂತಾನೆ. ಫ್ರೇಮು ಕಾರ್ಬನ್ನೋ ಕಬ್ಬಿಣವೋ ಅಂತ ಹಾರ್ಟಿಗೆ ಹೆಂಗೆ ಗೊತ್ತಾಗ್ಬೇಕು, ಭಾರದ ಸೈಕಲ್ಲಾದ್ರೆ ಇನ್ನೂ ಸ್ವಲ್ಪ ಜಾಸ್ತಿನೇ ವ್ಯಾಯಾಮ. ಪೆಟ್ರೋಲ್ ಉಳಿಯುತ್ತೆ ಅಂತಾನೆ, ಆದ್ರೆ ಆ ಸೈಕಲ್ ಹತ್ತಿ ಒಂದು ದಿನಾನೂ ಆಫೀಸಿಗೆ ಹೋಗಿಲ್ಲ, ಹೋದ್ರೆ ನಿಲ್ಸೋದೆಲ್ಲಿ ಅಂತ ಭಯ. ಭಾನುವಾರ ಅದನ್ನ ಕಾರಲ್ಲಿ ಹಾಕ್ಕೊಂಡು ಹೋಗಿ ಒಳ್ಳೆ ರಸ್ತೆ ಸಿಕ್ಕಿದ ಕಡೆ ಇಳಿಸಿ ತುಳಿದು ಮತ್ತೆ ಕಾರಲ್ಲೇ ವಾಪಸ್ ತರ್ತಾನೆ, ಪೆಟ್ರೋಲ್ ಯಾವ ಕಡೆಯಿಂದ ಉಳೀತು ಅಂತ ಅವನೇ ಹೇಳ್ಬೇಕು. ಆಸೆ ಆಯ್ತು, ಕೈಯಲ್ಲಿ ದುಡ್ಡಿತ್ತು, ತಗೊಂಡೆ, ಅಂತ ಒಂದು ಮಾತು ಹೇಳ್ಬಿಟ್ಟಿದ್ರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ದೆ. ಬೆರಳಲ್ಲಿರೋ ಉಂಗುರ ಏನ್ ಕೆಲ್ಸ ಮಾಡುತ್ತೆ ಅಂತ ಯಾರಾದ್ರೂ ಕೇಳ್ತಾರಾ. (ಸಾಲ ಮಾಡಿ ತಗೊಂಡಿದ್ರೆ ಮಾತ್ರ ಬೈತಿದ್ದೆ, ಅದು ಬೇರೆ ವಿಷಯ.) ಹಾಗಂತ ಅಗ್ಗದ್ದೇ ಶ್ರೇಷ್ಠ ಅಂತಾನೂ ನಾನು ಹೇಳಲ್ಲ, ತೀರಾ ಅಗ್ಗದ ಸೈಕಲ್ಲಿಂದ ಒಂದು ಸಾಧಾರಣ ಒಳ್ಳೆ ಸೈಕಲ್ಲಿಗೆ ಹೋದ್ರೆ ಬ್ರೇಕು ಹಿಡಿಯುತ್ತೆ, ಚೈನು ಕಳಚಲ್ಲ, ಸೊಂಟ ನೋಯಲ್ಲ, ಅಲ್ಲೀತನಕ ಕೊಟ್ಟ ಒಂದೊಂದು ಕಾಸಿಗೂ ಲೆಕ್ಕ ಸಿಗುತ್ತೆ. ಅಲ್ಲಿಂದ ಮುಂದಕ್ಕೆ ಬರೀ ಗ್ರಾಂ ಲೆಕ್ಕ.

ಇಷ್ಟೆಲ್ಲಾ ಅಂದೋನು ಹೋದ ಭಾನುವಾರ ಅದನ್ನ ಒಂದು ರೌಂಡ್ ಹೊಡೆದೆ. ಅದೊಂದು ತಪ್ಪು ಮಾಡ್ಬಾರ್ದಿತ್ತು. ಮೊದ್ಲು ಅನ್ಸಿದ್ದು ಸ್ಪೀಡಲ್ಲ, ಸದ್ದೇ ಇಲ್ಲ ಅನ್ನೋದು. ನನ್ನ ಸೈಕಲ್ಲು ಮಾತಾಡುತ್ತೆ, ಮಡ್‌ಗಾರ್ಡ್ ಒಂದು ರಾಗ, ಚೈನ್ ಕವರ್ ಇನ್ನೊಂದು, ಸೀಟಿನ ಸ್ಪ್ರಿಂಗು ಮಧ್ಯೆ ಮಧ್ಯೆ ತಾಳ. ಇದ್ರಲ್ಲಿ ಪೆಡ್ಲ್ ತುಳಿದ್ರೆ ತುಳಿದಷ್ಟೂ ರಸ್ತೆಗೇ ಹೋಗುತ್ತೆ, ನಡುವೆ ಯಾರೂ ಕಮಿಷನ್ ಹೊಡೆಯಲ್ಲ. ಗಾಳಿ ಸದ್ದು ಮತ್ತೆ ನನ್ನ ಉಸಿರು, ಅಷ್ಟೇ. ಒಂದು ಸಣ್ಣ ಏರು ಬಂತು, ಅದು ಏರು ಅಂತ ಗೊತ್ತಾಗಿದ್ದು ಅರ್ಧ ಹತ್ತಿದ ಮೇಲೆ. ಒಂದೇ ರೌಂಡ್ ಅಂತ ಹೋದೋನು ಮೂರು ಹೊಡೆದು ಬಂದೆ. "ಹೆಂಗಿದೆ" ಅಂದ. "ಪರ್ವಾಗಿಲ್ಲ" ಅಂದೆ. ಅವನು ನನ್ನ ಮುಖ ನೋಡಿ ನಕ್ಕ.

ಆಮೇಲೆ ಅವನಿಗೆ ಅರ್ಜೆಂಟಾಗಿ ಟಾಯ್ಲೆಟ್‌ಗೆ ಹೋಗ್ಬೇಕಾಯ್ತು. ಗೋಡೆಗೆ ಒರಗಿಸಿದ್ರೆ ಜಾರಿ ಬೀಳುತ್ತೆ, ಬಿದ್ರೆ ಕಾರ್ಬನ್ ಒಳಗೇ ಬಿರುಕು ಬಿಡಬಹುದು ಹೊರಗೆ ಕಾಣ್ಸೋದೂ ಇಲ್ಲ ಅಂತ ಹೇಳ್ತಾ ಹೇಳ್ತಾನೇ ಅದನ್ನ ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊಂಡಿರು, ಆದ್ರೆ ಅಲ್ಲಿ ಮುಟ್ಬೇಡ" ಅಂತ ಓಡಿದ. ಬಿಸಿಲಲ್ಲಿ ಹದಿನೈದು ನಿಮಿಷ ಅದನ್ನ ಹಿಡ್ಕೊಂಡು ನಿಂತಿದ್ದೆ. ಪಕ್ಕದಲ್ಲಿ ನನ್ನ ಸೈಕಲ್ಲು ಸ್ಟ್ಯಾಂಡ್ ಹಾಕ್ಕೊಂಡು ನಿಂತಿತ್ತು.